ಖಿಮುಲಿ ಆಮಾ ಸಾಕಿದ ಹೆಣ

ಅಂಗನವಾಡಿಯಲ್ಲಿ ಕೂಸುಗಳನ್ನು ತೂಗುವ ದಿನ ಖಿಮುಲಿ ಆಮಾ ಸಾಲಿನಲ್ಲಿ ಏಳನೆಯವಳಾಗಿ ನಿಂತಿದ್ದಳು. ಎದೆಗೆ ಅವುಚಿಕೊಂಡ ಕಂದು ಶಾಲಿನ ಗಂಟು. ಮುಖದಲ್ಲಿ, ಯಾರಾದರೂ ಮಾತಾಡಿಸಿದರೆ ಕಚ್ಚಿಬಿಡುವ ಕಳೆ. ಬಯಲಿನ ಕಡೆಯಿಂದ ಆ ವಾರವಷ್ಟೇ ವರ್ಗವಾಗಿ ಬಂದಿದ್ದ ನರ್ಸಮ್ಮನ ಕನ್ನಡಕ ಚಹಾದ ಹಬೆಗೆ ಮಸುಕಾಗಿತ್ತು. ಅವಳು ತಲೆಯೆತ್ತದೆ ಗಂಟನ್ನು ತಕ್ಕಡಿಯ ಜೋಳಿಗೆಗೆ ಹಾಕಿಸಿ, ಮುಳ್ಳು ನೋಡಿ, ಪುಸ್ತಕದಲ್ಲಿ ‘ಒಂದು ಕಿಲೋ ನಾನೂರು’ ಎಂದು ಬರೆದಳು.

“ಅಯ್ಯೋ, ಇಷ್ಟೇನಾ! ಎಷ್ಟು ದಿನದ್ದು?”

“ಒಂಬತ್ತು.”

“ತಾಯಿ ಎಲ್ಲಿ?”

“ಒದ್ದು ಓಡಿಸಿದ್ಳು.”

“ಛೆ, ಎಂಥ ಹೆಂಗಸು! ಎದೆಹಾಲು ಕೊಡೋದೇ ಇಲ್ವಾ?”

“ಹತ್ತಿರ ಹೋದ್ರೆ ಕೊಂಬಿನಿಂದ ಹಾಯ್ತಾಳೆ.”

ನರ್ಸಮ್ಮ ಪೆನ್ನು ನಿಲ್ಲಿಸಿದಳು. ಅಷ್ಟರಲ್ಲಿ ಗಂಟು ಕೀರಲು ದನಿಯಲ್ಲಿ “ಮೇ” ಎಂದಿತು. ಶಾಲಿನ ಸಂದಿನಿಂದ ಬೆಚ್ಚಗಿನ ಧಾರೆಯೊಂದು ಇಳಿದು, ಆಗಷ್ಟೇ ಬರೆದ ‘ತೀವ್ರ ಅಪೌಷ್ಟಿಕತೆ’ ಎಂಬ ಷರಾವನ್ನು ಸಮೂಲ ತೊಳೆದುಹಾಕಿತು. ಸಾಲಿನಲ್ಲಿದ್ದ ಬಾಣಂತಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪಕ್ಕದ ಶಾಲೆಯ ಜಗಲಿಯಿಂದ ನೋಡುತ್ತಿದ್ದ ನಾನೂ ನಕ್ಕೆ. ನಗದೆ ಉಳಿದವರು ಇಬ್ಬರು: ಆಮಾ, ಮತ್ತು ಮೊಮ್ಮಗಳನ್ನು ಎತ್ತಿಕೊಂಡು ನಿಂತಿದ್ದ ಅವಳ ಓರಗಿತ್ತಿ ದೇಬುಲಿ.

“ನೋಡ್ರೇ, ನಮ್ಮನೆ ಕಸ ಹೊತ್ಕೊಂಡು ಊರಲ್ಲೆಲ್ಲ ಮೆರವಣಿಗೆ ಮಾಡ್ತಿದ್ದಾಳೆ!” ಎಂದಳು ದೇಬುಲಿ.

“ಕಸ ಅಂತ ಹತ್ತು ಜನರೆದುರು ಒಪ್ಕೊಂಡೆಯಲ್ಲ ದೀದಿ, ಅಷ್ಟು ಸಾಕು.”

“ಹ್ಞೂಂ, ಒಪ್ಕೊಂಡೆ. ಆ ಹೆಣಾನ ನೀನೇ ಇಟ್ಕೋ. ನಾಳೆ ಗುಂಡಿ ಬೇಕಾದ್ರೆ ನಿನ್ನ ಹೊಲದಲ್ಲೇ ತೋಡ್ಕೋ, ನಮ್ಮ ಕಡೆ ಬರ್ಬೇಡ.”

“ತೋಡ್ತೀನಿ. ಯಾರಿಗೆ ಅಂತ ಆಮೇಲೆ ನೋಡೋಣ.”

ಆಮಾ ತಾನು ಬಂದ ಕೆಲಸ ಮರೆಯಲಿಲ್ಲ. ಭೇದಿಗೆ ಕೊಡುವ ಉಪ್ಪು-ಸಕ್ಕರೆಯ ಪುಡಿಯ ಪೊಟ್ಟಣಕ್ಕೆ ಕೈಚಾಚಿದಳು. ಅದು ಮನುಷ್ಯರ ಕೂಸುಗಳಿಗೆ ಮಾತ್ರ ಎಂದು ನರ್ಸಮ್ಮ ಹೇಳಿದ್ದಕ್ಕೆ, “ಭೇದಿಯಲ್ಲೂ ಭೇದ ಮಾಡ್ತೀರಾ?” ಎಂದು ಕಣ್ಣು ಕೆಂಪಗೆ ಮಾಡಿದಳು. ನರ್ಸಮ್ಮ ಮೂರು ಪೊಟ್ಟಣ ಕೊಟ್ಟು ಕಳಿಸಿದಳು. ಒಂದು ಮರಿಗೆ, ಎರಡು ಈ ಮುದುಕಿ ಮತ್ತೆ ಬಾರದಿರಲೆಂದು.

ಮರಿಗೆ ಅಂದಿನಿಂದ ‘ಹೆಣ’ ಎಂದೇ ಹೆಸರಾಯಿತು. ದೇಬುಲಿ ಇಟ್ಟ ಹೆಸರನ್ನು ಆಮಾ ಬದಲಿಸಲಿಲ್ಲ. ಕೊಟ್ಟವರ ಬಾಯಿಗೇ ದಿನಾ ಹಿಂದಿರುಗಿಸುವ ಉದ್ದೇಶವಿತ್ತು. ಬೆಟ್ಟದ ಮೇಲಿನ ದಾರಿಯಲ್ಲಿ ಹೋಗುವ ಪರವೂರಿನವರು, “ಹೆಣಾ! ಲೇ ಹೆಣಾ! ಬೇಗ ಬಾ, ಹಾಲು ಆರ್ತಿದೆ!” ಎಂಬ ಆಮಾಳ ಕೂಗು ಕೇಳಿ ಹೆಜ್ಜೆ ಚುರುಕು ಮಾಡುತ್ತಿದ್ದರು.

ಊರಿಗೆಲ್ಲ ಆಮಾ, ಅಂದರೆ ಅಜ್ಜಿಯಾದ ಖಿಮುಲಿಗೆ ರೇಷನ್ ಕಾರ್ಡಿನ ಪ್ರಕಾರ ಅರವತ್ತಮೂರು. ಹದಿನೈದಕ್ಕೆ ಮದುವೆಯಾಗಿ ನಮ್ಮ ಬೆಟ್ಟದೂರು ಸಿಮಲ್‌ಖೋಲಾಕ್ಕೆ ಬಂದವಳು. ಗಂಡ ಧನ್ ಸಿಂಗ್ ಸೈನ್ಯದ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ಸೌಟು ಹಿಡಿದು, ಪಿಂಚಣಿ ಹಿಡಿದ ಮೂರನೇ ವರ್ಷಕ್ಕೆ ಹುಲ್ಲು ಕೊಯ್ಯುವಾಗ ಕಡಿದಾದ ಜಾಗದಲ್ಲಿ ಕಾಲು ಜಾರಿ ಹೋದ. ಹದಿಮೂರನೆಯ ದಿನದ ಊಟದ ಎಲೆ ಎತ್ತುವ ಮೊದಲೇ ಅವನ ಅಣ್ಣ ಜಮನ್ ಸಿಂಗ್, ಎರಡು ಮನೆಗೂ ಸೇರಿದ್ದ ಚಪ್ಪಡಿಕಲ್ಲಿನ ಅಂಗಳದ ನಡುವೆ ದಾರ ಹಿಡಿದ. ಮರುದಿನ ಗೋಡೆ ಎದ್ದಿತು. ಎದೆಮಟ್ಟದ ಗೋಡೆ, ಅದೂ ಆಮಾಳ ಪಾಲಿನೊಳಗೆ ಎರಡು ಗೇಣು ನುಗ್ಗಿ. ಅಲ್ಲಿಂದ ಹನ್ನೊಂದು ವರ್ಷ ಒಂದೇ ಸೂರು, ಒಂದೇ ಸಾಲುಮನೆ, ಎರಡು ದೇಶ.

ಜಗಳ ಮಾಡಲು ಆಮಾಳಿಗೆ ಒಂದೇ ಅಡ್ಡಿ. ನಮ್ಮಲ್ಲಿ ಗಂಡನ ಅಣ್ಣನೊಡನೆ ಸೊಸೆಯಾದವಳು ಬಾಯಿಬಿಟ್ಟು ಮಾತಾಡುವಂತಿಲ್ಲ. ಎದುರಾದರೆ ಸೆರಗು ಮುಖಕ್ಕೆ ಎಳೆದುಕೊಳ್ಳಬೇಕು. ಗೋಡೆ ಕಟ್ಟಿದರೂ ಕಟ್ಟಳೆ ತಪ್ಪದು. ಆದ್ದರಿಂದ ಆಮಾ ಸೆರಗು ಎಳೆದುಕೊಂಡು, ಗೋಡೆಗೆ ಬೆನ್ನು ಮಾಡಿ, ಬೇರೆ ಯಾರನ್ನಾದರೂ ಬೈಯುತ್ತಿದ್ದಳು. ಮೊದಲು ಬೀಸುಕಲ್ಲನ್ನು ಬೈದಳು, ಕಲ್ಲಿಗೆ ತಟ್ಟಲಿಲ್ಲ. ಆಮೇಲೆ ಹಸುವನ್ನು ಬೈದಳು. ಅದಕ್ಕೆ ತಟ್ಟಿ ಹಾಲು ಅರ್ಧಕ್ಕಿಳಿಯಿತು. ಜಮನ್ ಸಿಂಗನೂ ಅಷ್ಟೇ ಮರ್ಯಾದಸ್ಥ. ತನ್ನ ಹುಕ್ಕಾದ ಜೊತೆಗೋ ಹೆಂಡತಿಯ ಜೊತೆಗೋ ಗಟ್ಟಿಯಾಗಿ ಮಾತಾಡಿ ಉತ್ತರ ಕಳಿಸುತ್ತಿದ್ದ.

ಆ ಮಾಘದಲ್ಲಿ ಅವನ ಆಡು ಮೂರು ಮರಿ ಹಾಕಿತು. ತಾಯಿ ಎರಡನ್ನು ನೆಕ್ಕಿತು, ಮೂರನೆಯದನ್ನು ಒದೆಯಿತು. ಇದ್ದಿಲಿನಂತೆ ಕಪ್ಪಗಿದ್ದ ಆ ಗಂಡುಮರಿ ಕಾಲ ಮೇಲೆ ನಿಲ್ಲಲಾರದೆ ಎರಡು ದಿನ ಬಿದ್ದುಕೊಂಡಿತ್ತು. ಸತ್ತಿದೆ ಎಂದೋ, ಸಾಯಲಿ ಎಂದೋ, ಜಮನ್ ಸಿಂಗ್ ಅದನ್ನು ಗೋಡೆಯಾಚೆ ಎಸೆದ. ಅದು ಆಮಾಳ ಬೆಳ್ಳುಳ್ಳಿ ಪಾತಿಯಲ್ಲಿ ಬಿದ್ದು ಕಾಲಾಡಿಸಿತು.

ಆಮಾ ಬಗ್ಗಿ ಅದನ್ನು ಹಿಂಗಾಲು ಹಿಡಿದು ಎತ್ತಿದಳು. “ಕೇಳಿಸ್ಕೋ,” ಎಂದಳು ಮರಿಗೆ, ದೂರದ ಅಲ್ಮೋಡಾ ಪೇಟೆಗೂ ಕೇಳುವಂತೆ. “ಕೆಲವರು ಎಸೆಯೋಕೆ ಕಲಿತಿದ್ದಾರೆ, ಸಾಕೋಕೆ ಕಲಿತಿಲ್ಲ. ನೀನು ಸಾಯ್ಬೇಡ. ಸತ್ರೆ ಅವರಿಗೆ ಖುಷಿಯಾಗುತ್ತೆ.”

ಈ ಆರೈಕೆಗೆ ಅಡಿಪಾಯ ಇಷ್ಟೇ.

ಶಾಲೆಯಲ್ಲಿ ಪಾಠ ಹೇಳುವ ನಾನು ಅವಳ ಮೇಲಂತಸ್ತಿನ ಬಾಡಿಗೆದಾರಳು. ನೆಲದ ಹಲಗೆಯ ಕೆಳಗೇ ಅವಳ ಗೋಠ್, ಅಂದರೆ ದನ ಕಟ್ಟುವ ಕೋಣೆ. ಅಲ್ಲಿ ನಡೆದದ್ದೆಲ್ಲ ನನ್ನ ಮೂಗಿಗೂ ಕಿವಿಗೂ ಉಚಿತ. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಕುರಿಮರಿಯ ಮೇಲೆ ಹತ್ತಾರು ಹಾಡು ಕಲಿಸಿದ್ದರು, ಆಡಿನ ಮರಿಯ ಮೇಲೆ ಒಂದೂ ಇರಲಿಲ್ಲ. ಅದರ ಕಾರಣ ಆ ವರ್ಷ ನನಗೆ ತಿಳಿಯಿತು. ಕುರಿಮರಿಯನ್ನು ಹಾಡಿ ಮಲಗಿಸಬಹುದು. ಈ ಮರಿಯನ್ನು ಬೈದು ಬದುಕಿಸಬೇಕಾಗಿತ್ತು.

ಹೆಣಕ್ಕೆ ಚೀಪಲು ಬರುತ್ತಿರಲಿಲ್ಲ. ಕೆಮ್ಮಿನ ಔಷಧಿಯ ಬಾಟಲಿಗೆ ಬೆಚ್ಚಗಿನ ಹಸುವಿನ ಹಾಲು, ಬಾಯಿಗೆ ಬಟ್ಟೆಯ ಬತ್ತಿ. ಬೆಲ್ಲ ಸವರಿದ ಬೆರಳನ್ನು ಮೊದಲು ನಾಲಗೆಗೆ ತೀಡಿ, ಅದು ಬೆರಳು ಚೀಪತೊಡಗಿದ ಕ್ಷಣದಲ್ಲಿ ಬೆರಳೆಳೆದು ಬತ್ತಿ ತುರುಕುವುದು. ನಾನೊಂದು ಸಲ ಸಹಾಯಕ್ಕೆಂದು ಹೋಗಿ ಮರಿಯ ಕತ್ತನ್ನು ಹಿಂದಕ್ಕೆ ಬಾಗಿಸಿ ಹಿಡಿದೆ.

“ಕತ್ತು ನೆಟ್ಟಗೆ ಹಿಡಿ, ಮಾಸ್ಟರ್ನಿ! ಹಾಲು ಪುಪ್ಪುಸಕ್ಕೆ ಹೋಗುತ್ತೆ. ಇಷ್ಟು ಓದಿ ಮೂಗು ಯಾವುದು ಗಂಟಲು ಯಾವುದು ಗೊತ್ತಿಲ್ಲ. ಮಕ್ಕಳಿಗೆ ಏನ್ ಕಲಿಸ್ತೀಯೋ!”

ಕುಡಿಸಿದ ಮೇಲೆ ಒದ್ದೆ ಬಟ್ಟೆಯಿಂದ ಬಾಲದ ಕೆಳಗೆ ಒರೆಸಿ ಒರೆಸಿ ಹಿಕ್ಕೆ ಹಾಕಿಸಬೇಕು. ತಾಯಿ ಆಡು ನಾಲಗೆಯಿಂದ ಮಾಡುವ ಕೆಲಸ. ಹಾಲು ಹೆಚ್ಚಾದರೆ ಭೇದಿ, ಕಡಿಮೆಯಾದರೆ ಕಣ್ಣು ಮೇಲಕ್ಕೆ. ಭೇದಿಗೆ ನರ್ಸಮ್ಮನ ಪುಡಿ, ಅದು ಮುಗಿದಾಗ ಗಂಜಿತಿಳಿ. ಚಳಿಗೆ ಧನ್ ಸಿಂಗನ ಸೈನ್ಯದ ಸ್ವೆಟರಿನ ತೋಳನ್ನು ಕತ್ತರಿಸಿ ಮರಿಗೆ ತೊಡಿಸಿದಳು. ಹುರುಳಿ ಬೇಯಿಸಿದ ನೀರಿನ ತಪ್ಪಲೆಯ ಪಕ್ಕದಲ್ಲಿ ಅದನ್ನು ಮಲಗಿಸಿ, ತಾನು ಪಕ್ಕದಲ್ಲೇ ರಾಗಿರೊಟ್ಟಿ ತಟ್ಟುತ್ತ, ಇಡೀ ಬೆಳಗ್ಗೆ ಗೋಡೆಯಾಚೆಗೆ ಸುದ್ದಿ ಬಿತ್ತರಿಸುತ್ತಿದ್ದಳು.

“ಇವತ್ತು ಎರಡು ಬಾಟಲಿ ಕುಡಿದೆಯಾ ಹೆಣ? ಕುಡಿ. ಯಾರೋ ನಿನ್ನ ಶ್ರಾದ್ಧಕ್ಕೆ ಕಾಯ್ತಿದ್ದಾರೆ, ಅವರನ್ನ ಉಪವಾಸ ಕೆಡವೋಣ.”

ಆಚೆಯಿಂದ ಹುಕ್ಕಾ ಗುಡುಗುಟ್ಟಿ, “ದೇಬುಲಿ, ಕೆಲವು ಮುದುಕಿಯರಿಗೆ ಮಕ್ಕಳಿಲ್ಲದ ಕೊರಗು ಕೊಂಬಿರೋ ಪ್ರಾಣಿ ಮೇಲೆ ತಿರುಗುತ್ತಂತೆ” ಎಂಬ ಮಾತು ತೇಲಿಬರುತ್ತಿತ್ತು.

ಅಂಥ ದಿನ ಆಮಾ ಮರಿಯನ್ನು ತೊಡೆಗೆ ಎಳೆದುಕೊಂಡು ಅದರ ಹೊಟ್ಟೆಯನ್ನು ತಿಕ್ಕುತ್ತಿದ್ದಳು, ಹೊಟ್ಟೆ ಕೆಟ್ಟಿರಲಿ ಬಿಡಲಿ.

ಆಮಾಳ ಜಗಳಕ್ಕೆ ಹೆಣಕ್ಕಿಂತ ಒಳ್ಳೆಯ ಮಧ್ಯವರ್ತಿ ಸಿಕ್ಕಿರಲಿಲ್ಲ. ಪ್ರತಿ ಬೈಗುಳದ ಕೊನೆಗೆ ಅದು ತಪ್ಪದೆ “ಮೇ” ಎನ್ನುತ್ತಿತ್ತು. ನಮ್ಮ ಓಣಿಯಲ್ಲಿ ಆಡುಮಾತು ಎಂದರೆ ಅಕ್ಷರಶಃ ಅದೇ: ಆಮಾ ಆಡಿದ್ದನ್ನು ಆಡು ಅನುಮೋದಿಸುವುದು.

ಬೇಸಿಗೆಗೆ ಬಾಯಿಹುಣ್ಣು ಬಂತು, ಅರಿಸಿನ-ತುಪ್ಪ ಸವರಿದಳು. ಆಮೇಲೆ ಕಜ್ಜಿ. ಮೈಯ ಕೂದಲು ಹಕ್ಕಳೆ ಹಕ್ಕಳೆಯಾಗಿ ಉದುರಿತು. ದಿನಾ ಮಧ್ಯಾಹ್ನ ಹೊಗೆಸೊಪ್ಪು ಕುದಿಸಿದ ನೀರನ್ನು ಆರಿಸಿ, ಲೋಟದಿಂದ ಅದರ ಬೆನ್ನಿಗೂ ತಲೆಗೂ ಸುರಿಯುತ್ತಿದ್ದಳು. ಒದ್ದೆಯಾದ ಆಡು ಮೈ ಕೊಡವದೆ ಇರುತ್ತದೆಯೆ? ಮೊದಲ ದಿನ ಕೊಡವಿತು. ಹೊಗೆಸೊಪ್ಪಿನ ನೀರು ಆಮಾಳ ಕಣ್ಣಿಗೆ ಸಿಡಿಯಿತು. ಆಮಾ ಅದರ ಮೂಗಿನ ಮೇಲೆ ಪಟ್ಟನೆ ಒಂದು ಕೊಟ್ಟಳು. “ಅಲ್ಲಾಡ್ತೀಯಾ? ಇನ್ನೊಂದ್ಸಲ ಅಲ್ಲಾಡು, ನೋಡ್ತೀನಿ!” ಎರಡನೆಯ ದಿನವೂ ಕೊಡವಿತು, ಇನ್ನೊಂದು ಬಿತ್ತು. ತಿಂಗಳೊಳಗೆ ಆ ಮರಿ ಎಷ್ಟು ಸುರಿದರೂ ಸೈನಿಕನಂತೆ ನೆಟ್ಟಗೆ ನಿಲ್ಲುವುದನ್ನು ಕಲಿತು, ನೀರು ತಾನಾಗಿ ಸೋರುವವರೆಗೂ ಕಾಯುತ್ತಿತ್ತು. ಕಜ್ಜಿ ಹೋಯಿತು. ಹೊಸ ಕೂದಲು ಎಣ್ಣೆ ಹಚ್ಚಿದಂತೆ ಕಪ್ಪಗೆ, ಒಂದು ಬಿಳಿ ಚುಕ್ಕೆಯೂ ಇಲ್ಲದೆ ಬಂತು.

ಆ ಕಪ್ಪೇ ಕಂಟಕವಾಯಿತು.

ಜ್ಯೇಷ್ಠದಲ್ಲಿ ಜಮನ್ ಸಿಂಗ್ ಊರ ಕಾಯುವ ಭುಮಿಯಾ ದೇವರ ಗುಡಿಯಲ್ಲಿ ನಿಂತು, ಮಗ ಸೈನ್ಯಕ್ಕೆ ಆಯ್ಕೆಯಾದರೆ ಕಪ್ಪು ಹೋತ ಕೊಡುವೆನೆಂದು ಹರಕೆ ಹೊತ್ತಿದ್ದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಕೇಳುವವರು ಜಾಸ್ತಿಯಿದ್ದರು. “ಪೇಟೆಯಲ್ಲಿ ಕೊಂಡದ್ದಲ್ಲ, ನನ್ನ ಗೋಠಿನಲ್ಲೇ ಹುಟ್ಟಿದ್ದು!” ಎಂದು ಎದೆ ತಟ್ಟಿಕೊಂಡು ಸೇರಿಸಿದ. ಆಗ ಅವನ ಬಳಿ ಅಂಥದೊಂದಿತ್ತು. ಶ್ರಾವಣದಲ್ಲಿ ಚಿರತೆ ಅದನ್ನು ಎಳೆದೊಯ್ದಿತು. ಆಶ್ವಯುಜದಲ್ಲಿ ಮಗ ಆಯ್ಕೆಯಾದ. ಈಗ ಜಮನ್ ಸಿಂಗನ ಗೋಠಿನಲ್ಲಿ ಹುಟ್ಟಿದ ಕಪ್ಪು ಹೋತ ಭೂಮಿಯ ಮೇಲೆ ಒಂದೇ ಒಂದು ಉಳಿದಿತ್ತು. ಅದು ಗೋಡೆಯಾಚೆ ಓಕ್ ಚಿಗುರು ಮೆಲ್ಲುತ್ತಿತ್ತು.

ಊರ ಐವರು ಹಿರಿಯರು ಕೂಡಿದರು. ಐವರೂ ಜಮನ್ ಸಿಂಗನ ಮನೆಯ ಚಹಾ ಕುಡಿದೇ ಬಂದಿದ್ದರು. ಮೀಸೆಯಲ್ಲಿ ಇನ್ನೂ ಕೆನೆಯಿತ್ತು. ಆಮಾ ಸೆರಗು ಎಳೆದುಕೊಂಡು, ಹೆಣದ ಹಗ್ಗ ಹಿಡಿದು ಪಕ್ಕಕ್ಕೆ ತಿರುಗಿ ನಿಂತಳು.

“ಹುಟ್ಟಿದ್ದು ನನ್ನ ಗೋಠಿನಲ್ಲಿ. ತಾಯಿ ನಂದು,” ಎಂದ ಜಮನ್ ಸಿಂಗ್.

“ಹೆಣ, ಕೇಳು,” ಎಂದಳು ಆಮಾ. “ಗೋಡೆಯಾಚೆ ಎಸೆದಾಗ ಯಾರದ್ದಾಗಿತ್ತು ಅಂತ ಯಾರಾದ್ರೂ ಕೇಳಲಿ. ಅಂಗನವಾಡಿಯಲ್ಲಿ ‘ನೀನೇ ಇಟ್ಕೋ’ ಅಂತ ಹೇಳಿದ್ದು ಯಾರು ಅಂತಾನೂ ಕೇಳಲಿ. ನರ್ಸಮ್ಮ ಬದುಕಿದ್ದಾಳೆ.”

“ಅದು ಹೆಂಗಸರ ಜಗಳದ ಮಾತು. ಅದನ್ನೆಲ್ಲ ಮಾತು ಅಂತಾರಾ?”

“ಕೇಳಿಸ್ಕೊಂಡ್ಯಾ ಹೆಣ? ಗಂಡಸರು ಎಸೆದದ್ದು ಎಸೆದದ್ದಲ್ಲ. ಹೆಂಗಸರು ಕೊಟ್ಟದ್ದು ಕೊಟ್ಟದ್ದಲ್ಲ. ಹತ್ತು ತಿಂಗಳು ನಾನು ನಿನ್ನ ಕುಂಡೆ ಒರೆಸಿದ್ದು ಮಾತ್ರ ಒರೆಸಿದ್ದು.”

“ಮೇ” ಎಂದಿತು ಹೆಣ.

ಹಿರಿಯರು ಮೀಸೆ ಒರೆಸಿಕೊಂಡು ಹೊಣೆಯನ್ನು ದೇವರ ತಲೆಗೆ ಕಟ್ಟಿದರು. ನಮ್ಮಲ್ಲಿ ಬಲಿಯ ಹೋತದ ಬೆನ್ನಿಗೆ ನೀರೂ ಅಕ್ಕಿಯೂ ಚಿಮುಕಿಸುತ್ತಾರೆ. ಅದು ಮೈ ಕೊಡವಿದರೆ ದೇವರು ಒಪ್ಪಿದ. ಕೊಡವುವವರೆಗೆ ಕತ್ತಿ ಎತ್ತುವಂತಿಲ್ಲ. ತೀರ್ಪೂ ಹಾಗೆಯೇ ಆಯಿತು: ಪುಷ್ಯದ ಮೊದಲ ಮಂಗಳವಾರ ಹೋತವನ್ನು ಗುಡಿಗೆ ತರುವುದು. ಕೊಡವಿದರೆ ಜಮನ್ ಸಿಂಗನ ಹರಕೆ ಸಲ್ಲಿತು. ಬಿಸಿಲು ಗುಡಿಯ ಅಂಗಳ ದಾಟುವುದರೊಳಗೆ ಕೊಡವದಿದ್ದರೆ ಹೋತ ಆಮಾಳದ್ದು, ಇನ್ನಾರೂ ಕೇಳುವಂತಿಲ್ಲ. ಜಮನ್ ಸಿಂಗ್ ನಗುತ್ತ ಎದ್ದುಹೋದ. ನೀರು ಬಿದ್ದರೆ ಕೊಡವದ ಹೋತವನ್ನು ಅವನ ಅಜ್ಜನೂ ಕಂಡಿರಲಿಲ್ಲ.

ಆ ವಾರ ಆಮಾ ಯಾರನ್ನೂ ಬೈಯಲಿಲ್ಲ. ಅಂಚೆಯವನು ಪಿಂಚಣಿ ತಡವಾಗಿ ತಂದರೂ ಸುಮ್ಮನೆ ಹೆಬ್ಬೆಟ್ಟು ಒತ್ತಿದಳು, ಅವನು ಹೆದರಿ ನನ್ನ ಬಳಿ ಬಂದು, “ಆಮಾಗೆ ಹುಷಾರಿಲ್ವಾ?” ಎಂದು ವಿಚಾರಿಸಿದ. ಅವಳು ತನ್ನ ರೊಟ್ಟಿಯಲ್ಲಿ ಅರ್ಧವನ್ನು ಹೆಣಕ್ಕೆ ಕೊಡುತ್ತಿದ್ದಳು. ಉಳಿದರ್ಧವನ್ನೂ ಅದು ನೋಡುತ್ತ ನಿಂತರೆ ಅದನ್ನೂ ಕೊಡುತ್ತಿದ್ದಳು. ಮತ್ತು ದಿನಕ್ಕೆ ಮೂರು ಸಲ ಅದಕ್ಕೆ ನೀರು ಸುರಿಯುತ್ತಿದ್ದಳು. ಬೆಳಗ್ಗೆ ಬೆಚ್ಚಗಿನದು, ಮಧ್ಯಾಹ್ನ ಬರಿಯ ನೀರು, ಸಂಜೆ ಮಂಜಿನಂಥ ತೊರೆಯ ನೀರು. ಕಜ್ಜಿ ವಾಸಿಯಾಗಿ ನಾಲ್ಕು ತಿಂಗಳಾಗಿತ್ತು. ದೇವರಿಗೆ ಮಡಿ ಮಾಡುತ್ತಿದ್ದಾಳೆ ಎಂದುಕೊಂಡೆ. ನನ್ನ ಬುದ್ಧಿ ಅಷ್ಟು. ಜಮನ್ ಸಿಂಗ್ ಕೂಡ ಗೋಡೆಯ ಮೇಲಿಂದ ನೋಡಿ, “ದೇಬುಲಿ, ಕೊನೆಗೂ ಕೆಲವರಿಗೆ ಬುದ್ಧಿ ಬಂತು, ನಮ್ಮ ಹೋತ ತೊಳೆದು ಕೊಡ್ತಿದ್ದಾರೆ” ಎಂದ. ಆಮಾಳ ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈ ಹೆಣದ ಮೂಗಿನ ಮುಂದೆ ಎತ್ತಿ ಹಿಡಿದಂತೆಯೇ ಇತ್ತು.

ಮಂಗಳವಾರ ಗುಡಿಯ ಅಂಗಳ ತುಂಬಿತ್ತು. ಅಂಚಿನ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಮಸಾಲೆ ಅರೆದು, ದೊಡ್ಡ ಪಾತ್ರೆ ಒಲೆಗೇರಿಸಿ, ದೇಬುಲಿ ಸಿದ್ಧಳಾಗಿದ್ದಳು. ಪೂಜಾರಿ ಪೀತಾಂಬರನಿಗೆ ನೆಗಡಿ. ಅವನು ಮಂತ್ರ ಹೇಳಿ, ಸೀನಿ, ಹೆಣದ ಬೆನ್ನಿಗೆ ನೀರೂ ಅಕ್ಕಿಯೂ ಹಾಕಿದ.

ಹೆಣ ನಿಂತಿತು.

ಪೂಜಾರಿ ತಲೆಗೆ ಹಾಕಿದ, ಕಿವಿಗೆ ಹಾಕಿದ. ಹೆಣ ನೆಲಕ್ಕೆ ಬಿದ್ದ ಅಕ್ಕಿಯನ್ನು ಆರಿಸಿ ತಿಂದಿತು; ಚೆಂಡುಹೂವಿನ ಹಾರದ ತುದಿಯನ್ನೂ ರುಚಿ ನೋಡಿತು. ಆಗ ನನಗೆ ಹೊಗೆಸೊಪ್ಪಿನ ನೀರಿನ ಮಧ್ಯಾಹ್ನಗಳು ನೆನಪಾದವು. ಆಮಾಳ ಕಡೆ ನೋಡಿದೆ. ಸೆರಗಿನೊಳಗೆ ಮುಖ ಕಾಣಲಿಲ್ಲ; ಹಗ್ಗ ಹಿಡಿದ ಕೈಯೊಂದೇ ಹೊರಗಿತ್ತು.

“ಇನ್ನೊಂದು ಚೊಂಬು ಹಾಕ್ರಿ,” ಎಂದ ಜಮನ್ ಸಿಂಗ್.

ಚೊಂಬು ಮುಗಿದು ಬಕೆಟ್ಟು ಬಂತು. ಬಕೆಟ್ಟು ಮುಗಿದು, ತೊರೆಯ ಅಂಚಿನ ಮಂಜಿನ ಹಾಳೆ ಒಡೆದು ಇನ್ನೊಂದು ತಂದರು. ಪೀತಾಂಬರನ ಧೋತರ ತೊಪ್ಪೆಯಾಯಿತು, ಅವನ ಹಲ್ಲು ಕಟಕಟಿಸಿತು. ನೀರು ಹೊತ್ತವರು ನಡುಗಿದರು, ಹಿರಿಯರು ಕಂಬಳಿಯೊಳಗೆ ನಡುಗಿದರು, ಕೋಪಕ್ಕೋ ಚಳಿಗೋ ಜಮನ್ ಸಿಂಗನೂ ನಡುಗಿದ. ಅಷ್ಟು ದೊಡ್ಡ ಅಂಗಳದಲ್ಲಿ ನಡುಗದೆ ನಿಂತದ್ದು ಹೆಣವೊಂದೇ.

“ದೇಬುಲಿ! ಹೇಳು ಎಲ್ಲರಿಗೂ! ಮಾಟ ಮಾಡಿಸಿದ್ದಾಳೆ!”

“ಹೆಣ,” ಎಂದಳು ಆಮಾ, ಅಷ್ಟು ದಿನದ ಮೇಲೆ ಮೊದಲ ಸಲ ಬಾಯಿ ತೆರೆದು, “ಒಲ್ಲೆ ಅಂದದ್ದು ದೇವರು. ಜಗಳ ಇದ್ರೆ ಒಳಗೆ ಹೋಗಿ ಮಾಡಲಿ. ಅಲ್ಲಿ ಗೋಡೆ ಕಟ್ಟೋಕಾದ್ರೆ ಅದನ್ನೂ ಕಟ್ಟಲಿ.”

ಯಾರೋ ಹಿಂದಿನಿಂದ ಕಿಸಕ್ಕೆಂದರು. ಜಮನ್ ಸಿಂಗ್ ಬಕೆಟ್ಟನ್ನು ತಾನೇ ಕಿತ್ತುಕೊಂಡು ಉಳಿದ ನೀರನ್ನೆಲ್ಲ ಹೋತದ ಮುಖಕ್ಕೆ ಎರಚಿದ. ಹೆಣ ಕಣ್ಣು ಮುಚ್ಚಿ ತೆರೆಯಿತು. ಒಂದು ಕಿವಿ ಸ್ವಲ್ಪ ಮಿಡುಕಿತು. ಆಮಾಳ ಇನ್ನೊಂದು ಕೈ ಸೆರಗಿನಿಂದ ಹೊರಬಂದು, ಯಾರನ್ನೂ ಮುಟ್ಟದೆ, ಗಾಳಿಯಲ್ಲಿ ಮೂಗಿನೆತ್ತರಕ್ಕೆ ನಿಂತಿತು. ಕಿವಿ ಮತ್ತೆ ತೆಪ್ಪಗಾಯಿತು.

ಬಿಸಿಲು ಅಂಗಳದ ಕೊನೆಯ ಕಲ್ಲು ದಾಟಿ ಗೋಡೆ ಹತ್ತಿತು. “ಒಪ್ಪಲಿಲ್ಲ,” ಎಂದ ಪೀತಾಂಬರ, ಸೀನಿ. “ಭುಮಿಯಾ ಒಪ್ಪಲಿಲ್ಲ. ಹೋತ ಸಾಕಿದವಳದ್ದು.” ಒಲೆಯ ಮೇಲಿನ ಖಾಲಿ ಪಾತ್ರೆಯಲ್ಲಿ ಮಸಾಲೆಯೊಂದೇ ಸೀದು ವಾಸನೆ ಬರುತ್ತಿತ್ತು. ದೇಬುಲಿ ಅದನ್ನು ಕೆಳಗಿಳಿಸಿ, ಗಂಡನಿಗೋ ಓರಗಿತ್ತಿಗೋ ದೇವರಿಗೋ ತಿಳಿಯದ ಹಾಗೆ ಒಟ್ಟಾಗಿ ಶಾಪ ಹಾಕಿದಳು. ಜಮನ್ ಸಿಂಗ್ ಯಾರ ಕಡೆಗೂ ನೋಡದೆ ಇಳಿದುಹೋದ. ಮರುವಾರ ದೇವರ ಅಪ್ಪಣೆ ಕೇಳಿ, ಹರಕೆಯನ್ನು ತೆಂಗಿನಕಾಯಿಗೆ ಇಳಿಸಿಕೊಂಡನಂತೆ.

ಊರಲ್ಲಿ ಈ ಕತೆ ಮೂರೇ ದಿನಕ್ಕೆ ಪವಾಡವಾಯಿತು. ತಾಯಿಪ್ರೀತಿಗೆ ಭುಮಿಯಾ ಸೋತ ಎಂದು ಅಂಚೆಯವನು ಮೇಲಿನ ಊರುಗಳಿಗೂ ಹಂಚಿಬಂದ. ನೀರಿನ ಗುಟ್ಟು ತಿಳಿದಿದ್ದ ನನಗೂ ಮನಸ್ಸು ಮೆತ್ತಗಾಗಿತ್ತು. ಎಂಥ ದ್ವೇಷವೇ ಇರಲಿ, ಹತ್ತು ತಿಂಗಳು ಬಾಟಲಿ ಹಿಡಿದ ಕೈ ಅದು. ಅದರಲ್ಲಿ ದ್ವೇಷವಷ್ಟೇ ಇರಲು ಸಾಧ್ಯವೆ?

ಆ ಭಾನುವಾರ ಮೆಟ್ಟಿಲಿಳಿದು ಬಂದಾಗ ಆಮಾ ಅಂಗಳದಲ್ಲಿ ಗೂಟ ಹೊಡೆಯುತ್ತಿದ್ದಳು. ಪಕ್ಕದಲ್ಲಿ ಹೆಣ, ಕೋಡು ಬಲಿತು ಗಡ್ಡ ಮೂಡಿದ ಪ್ರಾಯದ ಹೋತ, ಮೇಲ್ತುಟಿ ಸುರುಳಿ ಮಾಡಿ ಆಕಾಶ ನೋಡುತ್ತಿತ್ತು. ನಾನು ಮೆಲ್ಲಗೆ ಅದರ ಬೆನ್ನು ಸವರಿ ಕೇಳಿದೆ:

“ನಿಜ ಹೇಳು ಆಮಾ. ಬಾಯಲ್ಲಿ ಏನೇ ಬೈದರೂ, ಇವನ ಮೇಲೆ ನಿನಗೆ ಪ್ರಾಣ ಅಲ್ವಾ? ಇಲ್ಲದಿದ್ರೆ ಇಷ್ಟೆಲ್ಲ ಯಾಕೆ ಮಾಡ್ತಿದ್ದೆ?”

ಆಮಾ ಗೂಟವನ್ನು ಅಲ್ಲಾಡಿಸಿ ನೋಡಿದಳು. ಗೋಡೆಯ ಬುಡಕ್ಕೆ, ಜಮನ್ ಸಿಂಗನ ಅಡುಗೆಮನೆಯ ಕಿಟಕಿಗೆ ಸರಿಯಾಗಿ ಕೂತಿತ್ತು.

“ನಿನ್ನ ಕೈ ಮೂಸಿ ನೋಡ್ಕೋ, ಮಾಸ್ಟರ್ನಿ,” ಎಂದಳು. “ಹೋತ ಪ್ರಾಯಕ್ಕೆ ಬಂದಿದೆ. ಇನ್ನು ಹತ್ತು ವರ್ಷ ಹೀಗೇ ನಾರುತ್ತೆ. ಗಾಳಿ ಆ ಕಡೆಗೇ ಬೀಸೋದು.”